ಒಂದೀಟು ಬೈದು ಬರೀರಿ

ಪುಸ್ತಕ ಓದಿ ಮುಗಿಸಿದವರ ಮನೆಗೆ ಅದರ ಮುಖ್ಯ ಪಾತ್ರವೇ ಬಂದು ಎರಡು ದಿನ ಉಳಿಯುವ ಪದ್ಧತಿ ಶುರುವಾದ ಮೇಲೆ, ಧಾರವಾಡದ ವಿಮರ್ಶಕಿ ಸುನಂದಾಬಾಯಿಯವರಿಗೆ ಓದುವುದಕ್ಕಿಂತ ಚಹಾ ಕಾಸುವುದೇ ಹೆಚ್ಚಾಗಿತ್ತು. ಪತ್ತೇದಾರ ಬಂದು ಕಸದ ಡಬ್ಬಿ ಕೆದಕಿದ. ದೆವ್ವದ ಕಥೆಯ ದೆವ್ವ ಕರೆಂಟು ಹೋದಾಗ ತಾನೇ ಹೆದರಿತು. ಐತಿಹಾಸಿಕ ಕಾದಂಬರಿಯ ರಾಜ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಲೊಪ್ಪದೆ ಎರಡು ದಿನವೂ ನಿಂತೇ ಇದ್ದ. ಯಾರು ಬಂದರೂ ಬಾಯಿಯವರು ಪುಸ್ತಕದ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು.

ಈ ಸಲ ಬಂದವಳು ಹುಡುಗನೊಬ್ಬನ ಮೊದಲ ಕಾದಂಬರಿಯ ನೀಲವ್ವ.

“ಏನ್ ಬರೀತೀರಿ ಅಕ್ಕಾರ?” ಎಂದಳು, ದಿವಾನದ ತುದಿಯಲ್ಲಿ ಕೂತು.

“ಭಾಳ ಛಲೋ ಅದ, ಎಲ್ಲಾರೂ ಓದ್ರಿ ಅಂತ.”

“ಬ್ಯಾಡ್ರೀ! ಓದಿದವರ ಮನಿ ಮನಿಗೂ ನಾನ ಹೋಗಬೇಕಲ್ರಿ. ಆ ಪತ್ತೇದಾರನ ಕಾಲು ಬಾತಿದ್ದು ನೋಡಿಲ್ಲೇನು? ಪುಸ್ತಕದ ತುಂಬ ದುಡದೀನಿ. ಒಂದೀಟು ಬೈದು ಬರೀರಿ, ಮಲಗತೀನಿ.”

“ಪುಸ್ತಕ ಬರದ ಹುಡುಗ ಪಾಪ, ವಿಮರ್ಶಾ ಯಾವಾಗ ಬರ್ತದ ಅಂತ ದಿನಾ ಫೋನ್ ಮಾಡ್ತಾನವಾ.”

“ಅವ ಇನ್ನೊಂದು ಬರೀತಾನ ತಗೋರಿ. ನನಗ ಇರೋವು ಎರಡ ಕಾಲು.”

ಸುನಂದಾಬಾಯಿ ಅವಳಿಗೊಂದು ದಿಂಬು ಕೊಟ್ಟು ಬರೆಯಲು ಕೂತರು. ಆಮೇಲೆ, ಈ ಕಾದಂಬರಿಯನ್ನು ಪುರಸೊತ್ತಿದ್ದವರೂ ಓದಬೇಕಾಗಿಲ್ಲ ಎಂದು ತಮ್ಮ ಜೀವನದ ಮೊದಲ ಸುಳ್ಳು ವಿಮರ್ಶೆ ಬರೆದು ಪತ್ರಿಕೆಗೆ ಕಳಿಸಿದರು. ತಿರುಗಿ ನೋಡುವಷ್ಟರಲ್ಲಿ ನೀಲವ್ವ ಗೊರಕೆ ಹೊಡೆಯುತ್ತಿದ್ದಳು.

ಆಗಲೇ ಆ ಹುಡುಗನ ಫೋನು ಬಂತು. ಅವಳಿಗೆ ಎಚ್ಚರವಾಗದಿರಲೆಂದು ಬಾಯಿಯವರು ಹಿತ್ತಲಿಗೆ ಹೋಗಿ, ಬಾಗಿಲು ಮುಂದಕ್ಕೆಳೆದುಕೊಂಡು, ಮೆಲ್ಲಗೆ “ಹೇಳಪ್ಪಾ” ಎಂದರು.