ಕೋಟೆಬಾಗಿಲಿನ ಕೆಳಗಿನ ಅಕ್ಷರ

2023ರ ನವೆಂಬರ್ 11, ಶನಿವಾರ, ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ, ಕೊಲ್ಲಿ ನಾಡಿನ ಅಲ್ ನಹ್ದಾದ ಫ್ಲ್ಯಾಟಿನ ಅಡುಗೆಮನೆಯಲ್ಲಿ ಅಕ್ಕು ತಮ್ಮ ಮಗ ತಿಲಕ್‌ನ ಅಂಗೈಯಲ್ಲಿ ಒಂದು ನಾಣ್ಯ ಇಟ್ಟರು. ಅದು ಹೊಸ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು.

"ಎಂತ ಕಿಲುಬು ಮಾರಾಯ ಇದಕ್ಕೆ! ಇಷ್ಟು ಓದಿದವರಿಗೆ ಒಂದು ನಾಣ್ಯ ತೊಳೆಯಲಿಕ್ಕೆ ಗೊತ್ತಿಲ್ಲ. ದೀಪಾವಳಿಗೆ ದೀಪ ತಿಕ್ಕುವಾಗ ಇದನ್ನೂ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿದೆ."

ಹದಿನೇಳು ನೂರು ವರ್ಷ ಹಳೆಯ ಆ ರೋಮನ್ ಕಂಚಿನ ನಾಣ್ಯ ತಿಲಕ್‌ನ ಹೆಂಡತಿ ಅಶ್ಮಿತಾಳದು. ಹಿಂಬದಿಯಲ್ಲಿ ಎರಡು ಗೋಪುರಗಳ ಕೋಟೆಬಾಗಿಲು, ಅದರ ಕೆಳಗೆ ಟಂಕಸಾಲೆಯನ್ನು ಸೂಚಿಸುವ ನಾಲ್ಕು ಅಕ್ಷರಗಳಿದ್ದವು. ಮೂರನ್ನು ಓದಿದ್ದ ಅವಳು ನಾಲ್ಕನೆಯದನ್ನು ಓದುವ ಮೊದಲೇ ಜೂನ್‌ನಲ್ಲಿ ತೀರಿಕೊಂಡಳು. ಅವಳು ತೆಗೆದಿಟ್ಟಿದ್ದ ಫೋಟೋದಲ್ಲಿ ಆ ಅಕ್ಷರ ಕಾಣುತ್ತಿರಲಿಲ್ಲ. ನಾಣ್ಯದ ಬಗ್ಗೆ ಅವಳು ಬರೆಯುತ್ತಿದ್ದ ಲೇಖನವನ್ನು ಮುಗಿಸಬೇಕೆಂದು ತಿಲಕ್ ಅಂದೇ ಮಧ್ಯಾಹ್ನಕ್ಕೆ ಗೆಳೆಯನ ಲ್ಯಾಬಿನ ಮೈಕ್ರೋಸ್ಕೋಪ್ ಕೇಳಿಟ್ಟಿದ್ದ. ಚಿತ್ರ, ಅಕ್ಷರಗಳ ಅಚ್ಚು ಉಳಿದಿದ್ದದ್ದು ಹಸಿರು ಕಿಲುಬಿನ ಪದರದಲ್ಲೇ ಹೊರತು ಅಡಿಯ ಲೋಹದಲ್ಲಲ್ಲ.

ಅವನು ನಾಣ್ಯವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಅಕ್ಷರಗಳಿರಲಿ, ಗೋಪುರಗಳೂ ಇರಲಿಲ್ಲ.

"ಅವಳು ನೋಡಿದ್ರೆ ಖುಷಿ ಆಗ್ತಿತ್ತು, ಅಲ್ವಾ ಮಗಾ?" ಎಂದು ಅಕ್ಕು ಕೇಳಿದರು. ಹುಳಿಗೆ ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

"ಹೌದಮ್ಮ," ಎಂದ ತಿಲಕ್.

ಕೋಣೆಗೆ ಹೋಗಿ ನಾಣ್ಯವನ್ನು ಅಶ್ಮಿತಾಳ ಪುಟ್ಟ ತಕ್ಕಡಿಯ ಮೇಲಿಟ್ಟ. ಅವಳ ಟಿಪ್ಪಣಿಯಲ್ಲಿ 2.94 ಗ್ರಾಂ ಎಂದಿತ್ತು. ಅದರ ಕೆಳಗೆ ತಾರೀಖು ಹಾಕಿ ಬರೆದ: 2.61 ಗ್ರಾಂ.