ಬಾಣಂತಿಯ ಸೀಬೆಹಣ್ಣು

ಅವಳ ಎರಡನೇ ಬಾಣಂತನ ಅತ್ತೆಮನೆಯಲ್ಲೇ ಆಯಿತು. ದಿನಾ ಮೆಣಸಿನ ಸಾರು, ಅನ್ನ. ಸೊಪ್ಪು ವಾಯು, ಹಣ್ಣು ಶೀತ ಅಂತ ಅತ್ತೆ ಎರಡನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಹಲ್ಲುಜ್ಜಿದರೆ ಸಾಕು, ಬಾಣಂತಿಯ ವಸಡಿನಲ್ಲಿ ರಕ್ತ. ಹಣ್ಣು, ಸೊಪ್ಪು ತಿನ್ನಲೇಬೇಕು ಅಂತ ಡಾಕ್ಟರು ಗದರಿದ ದಿನ ಅವಳು ದಾರಿಯಲ್ಲೇ ಸೀಬೆಹಣ್ಣು ಕೊಂಡಳು. ನೆಟ್ಟಗೆ ಅಡುಗೆಮನೆಗೆ ಹೋಗಿ, ಅತ್ತೆಯ ಎದುರಿಗೇ ನಿಂತು ಕಚ್ಚಿದಳು.

"ಮಗೂಗೆ ಶೀತ ಆಗತ್ತೆ ಕಣೇ, ಬಿಸಾಕು!"

"ಬಿಸಾಕಲ್ಲ. ವಸಡು ನಂದು, ಹಲ್ಲು ನಂದು. ಬೈಯೋದಿದ್ರೆ ಬೈಕೊಳ್ಳಿ, ನಾನು ತಿಂದೇ ತಿಂತೀನಿ."

ಹಣ್ಣಿನ ಬಿಳಿ ತಿರುಳಿಗೆ ರಕ್ತ ಅಂಟಿತ್ತು. ಅತ್ತೆ ಅದನ್ನೇ ನೋಡುತ್ತ ನಿಂತರು. ಆಮೇಲೆ ಬಾಯಿಂದ ಹಲ್ಲುಸೆಟ್ಟು ತೆಗೆದು ಅಂಗೈ ಮೇಲಿಟ್ಟು ತೋರಿಸಿದರು.

"ನಮ್ಮತ್ತೆ ಎದುರಿಗೆ ನಾನೂ ಹೀಗೇ ಕಚ್ಚಬೇಕಿತ್ತು. ತಿನ್ನು."