ಇಕ್ಕಳ

ಹೊಸ ಸೂಜಿಯ ಪೊಟ್ಟಣವನ್ನು ನರ್ಸಿಂಗ್ ಓದುವ ಹುಡುಗಿ ಇಕ್ಕಳದಲ್ಲಿ ಹಿಡಿದು ಮೇಜಿನಾಚೆ ಚಾಚಿದಳು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವವರ ಹಾಗೆ. ಎದುರಿಗಿದ್ದ ಮುದುಕ ತಗೊಂಡು ಜೇಬಿಗಿಟ್ಟ. ಅವನ ತೋಳಿನ ಹುಣ್ಣಿನಿಂದ ಕೀವು ಜಿನುಗಿ ಅಂಗಿಗೆ ಅಂಟಿತ್ತು. ಅದರ ನಾತ ಮಾಸ್ಕ್ ದಾಟಿ ಅವಳ ಗಂಟಲಿಗೇ ಇಳಿದಿತ್ತು. ಓದಿನ ಪ್ರವಾಸ ಅಂತ ಕಡಲು ದಾಟಿ ಬಂದದ್ದು ಈ ದರಿದ್ರ ನೋಡೋಕಾ? ಡ್ರಗ್ಸ್ ಚಟ ಬಿಡಿಸೋದು ಬಿಟ್ಟು, ರೋಗ ಹರಡಬಾರದು ಅಂತ ಈ ಕೇಂದ್ರದವರು ಹಳೇ ಸೂಜಿ ಇಸ್ಕೊಂಡು ಹೊಸದು ಕೊಟ್ಟು ಕಳಿಸ್ತಾರಂತೆ! ಬೆಂಕಿಗೆ ತುಪ್ಪ ಸುರಿದು ಅದಕ್ಕೆ ಸೇವೆ ಅಂತ ಹೆಸರು ಬೇರೆ.

ಮುದುಕ ತನ್ನ ಸಣ್ಣ ಡಬ್ಬಿಯಿಂದ ಬಳಸಿದ ಸಿರಿಂಜನ್ನೂ ಅದರ ಮುಚ್ಚಳವನ್ನೂ ತಟ್ಟೆಗಿಟ್ಟ. ಸೂಜಿಯ ತುದಿಯಲ್ಲಿ ರಕ್ತ ಕಪ್ಪಗೆ ಒಣಗಿತ್ತು. ಥೂ, ಇದು ಕಣ್ಣಿಂದ ಮರೆಯಾದರೆ ಸಾಕು ಎಂದು ಅವಳು ಇಕ್ಕಳ ಕೆಳಗಿಟ್ಟು ಗ್ಲೌಸ್ ಹಾಕಿದ ಕೈಯಲ್ಲೇ ಗಬಕ್ಕನೆ ಸಿರಿಂಜೆತ್ತಿದಳು. ಊರಿನ ವಾರ್ಡಿನಲ್ಲಿ ಹಿರಿಯ ಸಿಸ್ಟರುಗಳು ದಿನಾ ಮಾಡುವಂತೆಯೇ ಮುಚ್ಚಳವನ್ನು ಎರಡು ಬೆರಳಲ್ಲಿ ಹಿಡಿದು ಸೂಜಿಗೆ ತೊಡಿಸಲು ಹೋದಳು.

"ಅಯ್ಯೋ, ಬೇಡ ಬೇಡ, ಮುಚ್ಚಬೇಡ!" ಮುದುಕ ಕೂಗಿದ. "ತಪ್ಪಿ ಬೆರಳಿಗೆ ಚುಚ್ಚಿದರೆ ನನ್ನ ಕಾಯಿಲೆಯೆಲ್ಲ ನಿನಗೇ. ಇಷ್ಟೂ ಹೇಳಿಕೊಟ್ಟಿಲ್ವಾ ನಿಮ್ಮ ಕಾಲೇಜಲ್ಲಿ?"

ಅವಳು ಕಲ್ಲಾಗಿ ನಿಂತಳು. ಮುದುಕ ಅವಳ ಕೈ ಮುಟ್ಟಲಿಲ್ಲ. ಅದೇ ಇಕ್ಕಳ ತಗೊಂಡು, ಅವಳ ಬೆರಳುಗಳ ನಡುವಿಂದ ಸಿರಿಂಜನ್ನು ಮೆಲ್ಲಗೆ ಬಿಡಿಸಿ, ಸೂಜಿ ಎಸೆಯುವ ಹಳದಿ ಡಬ್ಬಕ್ಕೆ ಹಾಕಿದ.

"ಹೋಗು, ಗ್ಲೌಸ್ ಬಿಚ್ಚಿ ಕೈ ತೊಳ್ಕೋ ಮಗಳೇ," ಎಂದ. "ನೀನು ಇನ್ನೂ ಎಷ್ಟೋ ಜನರನ್ನ ಮುಟ್ಟಬೇಕು."